ಅಪ್ಪ ಬಿಟ್ಟು ಓದುತ್ತಿದ್ದ ಪದ್ಯ: ಮನೆಯ ನೆನಪಿನೊಳಗೆ ಹಳೆಯ ಕಾವ್ಯ

ಪ್ರಶ್ನೆ: ನಮ್ಮದು ಸಾಗರದ ಕಡೆಯ ಅಡಿಕೆ ತೋಟದ ಮನೆ. ಅಪ್ಪ ಪ್ರಾಥಮಿಕ ಶಾಲೆಯಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು. ಊರಿನಲ್ಲಿ ಕುಮಾರವ್ಯಾಸನ ಗದುಗಿನ ಭಾರತದ ವಾಚನ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಬಗ್ಗೆ ಒಂದು ಪುಸ್ತಕ ಬರೆಯತೊಡಗಿದ್ದೇನೆ. ಪ್ರತಿ ಅಧ್ಯಾಯದ ತಲೆಗೆ ಕುಮಾರವ್ಯಾಸನ ಒಂದೊಂದು ಪದ್ಯ ಇಟ್ಟಿದ್ದೇನೆ. ಓದಿ ನೋಡಿದ ಗೆಳತಿ, "ಪದ್ಯವೂ ಚೆನ್ನಾಗಿದೆ, ನಿಮ್ಮಪ್ಪನ ಕಥೆಯೂ ಚೆನ್ನಾಗಿದೆ, ಎರಡಕ್ಕೂ ಏನು ಸಂಬಂಧ ಅಂತ ಗೊತ್ತಾಗಲಿಲ್ಲ" ಅಂದಳು. ಅಪ್ಪ ಮತ್ತು ದೊಡ್ಡಪ್ಪ ಪಾಲಾದ ಮೇಲೆ ಮಾತು ಬಿಟ್ಟಿದ್ದರು. ಅಪ್ಪನನ್ನು ಕರ್ಣನಿಗೆ ಹೋಲಿಸಿ ಬರೆದಿದ್ದೇನೆ, ಅದು ಸರಿಯೆ? ಹಳೆಯ ಕಾವ್ಯವನ್ನು ಮನೆಯ ನೆನಪಿನೊಳಗೆ ಹೆಣೆಯುವುದು ಹೇಗೆ? ಇನ್ನೊಂದು ಮಾತು: ಕರ್ಣಭೇದನ, ಅಂದರೆ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಿ ಮನಸ್ಸೊಡೆಯುವ ಭಾಗ, ಓದುವಾಗ ಅಪ್ಪ "ಕೊರಳ ಸೆರೆ ಹಿಗ್ಗಿದವು" ಪದ್ಯ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು ಎಂದು ಅಮ್ಮ ಹೇಳುತ್ತಾಳೆ. ಅವರ ಭಾರತದ ಪುಸ್ತಕದೊಳಗೆ ಪಾಲುಪಟ್ಟಿಯ ನಕಲೂ ಸಿಕ್ಕಿತು. ಇವನ್ನೆಲ್ಲ ಬರೆಯಬೇಕೋ ಬೇಡವೋ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ಅದಕ್ಕೆ ಪರಿಹಾರವೂ ನಿಮ್ಮ ಪತ್ರದಲ್ಲೇ ಇದೆ, "ಇನ್ನೊಂದು ಮಾತು" ಎಂದು ಕೊನೆಗೆ ಸೇರಿಸಿದ್ದೀರಲ್ಲ, ಅಲ್ಲಿ. ಅಪ್ಪನನ್ನೋ ಅಜ್ಜಿಯನ್ನೋ ಕಳೆದುಕೊಂಡವರು ಬರೆದ ಹಸ್ತಪ್ರತಿಗಳು ನನ್ನ ಬಳಿಗೆ ಆಗಾಗ ಬರುತ್ತಿರುತ್ತವೆ. ಬಹುಪಾಲು ಒಂದೇ ಅಚ್ಚಿನವು: ಮೇಲೊಂದು ಪದ್ಯ, ಕೆಳಗೆ ಮನೆಯ ಕಥೆ. ಪದ್ಯ ಬಾಗಿಲಿಗೆ ಕಟ್ಟಿದ ತೋರಣದ ಹಾಗಿರುತ್ತದೆ, ಒಳಗೆ ಹೋದವರು ತಿರುಗಿ ನೋಡುವುದಿಲ್ಲ. ಅಂಥ ಪದ್ಯಗಳನ್ನು ಕಿತ್ತು ಹಾಕಿದರೂ ಪುಸ್ತಕಕ್ಕೆ ಏನೂ ಆಗುವುದಿಲ್ಲ. ಕಿತ್ತರೆ ಪುಸ್ತಕ ಕುಂಟಬೇಕು, ಅಂಥ ಕಡೆ ಪದ್ಯ ಇರಬೇಕು.

ನಿಮ್ಮಪ್ಪನ ಮಟ್ಟಿಗೆ ಗದುಗಿನ ಭಾರತ ಸುಭಾಷಿತ ಹೆಕ್ಕುವ ಗ್ರಂಥವಾಗಿರಲಿಲ್ಲ. ಅವರು ಅದನ್ನು ಬಳಸಿದ್ದಾರೆ. ರಾತ್ರಿ ಊಟ ಮುಗಿಸಿ ಜನ ಸೇರಿದಾಗ ಗಟ್ಟಿಯಾಗಿ ಓದಿದ್ದಾರೆ, ಒಂದು ಪದ್ಯವನ್ನು ಬೇಕೆಂತಲೇ ಬಿಟ್ಟಿದ್ದಾರೆ, ಯಾರ ಕಣ್ಣಿಗೂ ಬೀಳಬಾರದ ಒಂದು ಕಾಗದವನ್ನು ಅದರ ಹಾಳೆಗಳ ನಡುವೆ ಇಟ್ಟಿದ್ದಾರೆ. ಈ ಬಳಕೆಯ ಚರಿತ್ರೆಯನ್ನು ಬರೆಯಿರಿ. ಕಾವ್ಯ ತಾನಾಗಿಯೇ ಒಳಗೆ ಬರುತ್ತದೆ, ನೀವು ಎಳೆದು ತರಬೇಕಾಗಿಲ್ಲ.

ಆ ಪದ್ಯದ ಹತ್ತಿರ ಸ್ವಲ್ಪ ನಿಲ್ಲೋಣ. ಉದ್ಯೋಗಪರ್ವದಲ್ಲಿ ಸಂಧಿ ಮುರಿದುಬಿದ್ದ ಮೇಲೆ ಕೃಷ್ಣ ಹಸ್ತಿನಾಪುರದಿಂದ ಹೊರಡುತ್ತಾನೆ. ಕಳಿಸಲು ಬಂದ ಕರ್ಣನೊಡನೆ ಮೈದುನತನದ ಸರಸ ಶುರು ಮಾಡಿ, ರಥದೊಳಗೆ ಬರಸೆಳೆದು ತನ್ನ ಪೀಠದಲ್ಲೇ ಕೂರಿಸಿಕೊಳ್ಳುತ್ತಾನೆ. ಕರ್ಣ ಹಿಂಜರಿಯುತ್ತಾನೆ: ನಿಮ್ಮ ಸರಿಸಮಕ್ಕೆ ಕೂರುವ ಯೋಗ್ಯತೆ ನನಗೆಲ್ಲಿ, ಅಂಜುತ್ತೇನೆ ಎನ್ನುತ್ತಾನೆ. ಕೃಷ್ಣ ಇನ್ನೂ ಹತ್ತಿರ ಸರಿದು, ತೊಡೆಗೆ ತೊಡೆ ಸೋಂಕುವಷ್ಟು ಒತ್ತಿ ಕುಳಿತು ಹೇಳುತ್ತಾನೆ: ಯಾದವರಿಗೂ ಕೌರವರಿಗೂ ಕುಲದಲ್ಲಿ ಎರಡಿಲ್ಲ, ಈ ಭೂಮಿಗೆ ಒಡೆಯ ನೀನು, ನಿನಗದು ತಿಳಿದಿಲ್ಲ. ಹಾಗೆ ಹೇಳಿ, ಕವಿಯ ಮಾತಿನಲ್ಲಿ, "ರವಿಸುತನ ಕಿವಿಯಲಿ ಬಿತ್ತಿದನು ಭಯವ". ಕುಂತಿ ಪಡೆದ ಐದು ಮಂತ್ರಗಳಲ್ಲಿ ಮೊದಲಿಗ ನೀನು, ನಿನ್ನ ಹಿಂದೆ ಯುಧಿಷ್ಠಿರ, ಮೂರನೆಯವನು ಭೀಮ ಎಂದು ಎಣಿಸಿ ತೋರಿಸುತ್ತಾನೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ಎದುರಿಗೆ ಉಳಿದ ರಾಜರು, ನಡುವೆ ನೀನು, ಅಂಥ ಓಲಗವನ್ನು ಬಿಟ್ಟು ದುರ್ಯೋಧನನ ಮುಂದೆ "ಜೀಯ ಹಸಾದ" ಎಂದು ನಿಲ್ಲುವುದು ನಿನಗೆ ಕಷ್ಟವಲ್ಲವೆ ಎಂದು ಕೇಳುತ್ತಾನೆ.

ಆಮೇಲೆ ಬರುವುದು ನಿಮ್ಮಪ್ಪ ಬಿಟ್ಟ ಪದ್ಯ:

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ
ಹರಿಯ ಹಗೆ ಹೊಗೆದೋರದುರುಹದೆ
ಬರಿದೆ ಹೋಹುದೆ ತನ್ನ ವಂಶವ
ನರುಹಿ ಕೊಂದನು ಹಲವು ಮಾತೇನೆಂದು ಚಿಂತಿಸಿದ

ಗಂಟಲ ನರ ಉಬ್ಬುತ್ತದೆ, ಕಣ್ಣೀರು ನುಗ್ಗುತ್ತದೆ. ರಾಜ್ಯ ಸಿಗುವ ಮಾತು ಕೇಳಿದವನಿಗೆ ಮೊದಲು ನೆನಪಾಗುವುದು ತನ್ನನ್ನು ಸಾಕಿದ ದೊರೆಗೆ ಇನ್ನು ಕೇಡು ತಪ್ಪಿದ್ದಲ್ಲ ಎಂಬುದು. ಇದೆಲ್ಲ ನಡೆಯುವುದು "ತನ್ನ ಮನದೊಳಗೆ", ಎದುರಿಗಿದ್ದ ಕೃಷ್ಣನಿಗೆ ಕೇಳಿಸುವಂತೆ ಒಂದು ಮಾತೂ ಇಲ್ಲ. ಮುಂದಿನ ಪದ್ಯದಲ್ಲಿ ಕೃಷ್ಣ ಕೇಳುತ್ತಾನೆ: "ಏನು ಹೇಳೈ ಕರ್ಣ, ಚಿತ್ತಗ್ಲಾನಿಯಾವುದು?" ಮೌನವೇಕೆ, ಮಾತಾಡು ಮಾತಾಡು ಎನ್ನುತ್ತಾನೆ.

ನಡುವಿನ ಪದ್ಯ ಬಿಟ್ಟರೆ ಏನಾಗುತ್ತದೆ ನೋಡಿ. ಕೃಷ್ಣ ರಾಜ್ಯದ ಆಸೆ ತೋರಿಸಿದ ಕೂಡಲೇ ಮೌನವೇಕೆ ಎನ್ನುತ್ತಾನೆ, ಕರ್ಣ "ಮರುಳು ಮಾಧವ" ಎಂದು ಉತ್ತರ ಕೊಡುತ್ತಾನೆ. ಕಥೆಗೆ ಎಲ್ಲೂ ತೊಡಕಿಲ್ಲ. ಕೇಳುವವರಿಗೆ ಬಿಟ್ಟದ್ದು ಗೊತ್ತೂ ಆಗುವುದಿಲ್ಲ. ಕರ್ಣ ಮಾತ್ರ ಬೇರೆಯೇ ಆಗಿಬಿಡುತ್ತಾನೆ: ಗಂಟಲು ಕಟ್ಟದವನು, ಕಣ್ಣೀರು ಬಾರದವನು, ಸಿರಿಯನ್ನು ಎಡಗೈಯಲ್ಲಿ ತಳ್ಳಿದ ಶೂರ. ನಿಮ್ಮೂರಿನವರು ವರ್ಷಗಟ್ಟಲೆ ಕೇಳಿದ್ದು ಆ ಕರ್ಣನನ್ನು. ಮೌನ ಉಳಿಯಿತು, ಮೌನದೊಳಗೆ ಏನಿತ್ತು ಎಂಬುದನ್ನು ನಿಮ್ಮಪ್ಪ ತಮ್ಮಲ್ಲೇ ಇಟ್ಟುಕೊಂಡರು. ಇದನ್ನು ಇದ್ದ ಹಾಗೆ ಬರೆದರೆ ಸಾಕು, "ನನ್ನಪ್ಪ ಕರ್ಣನಂತೆ ನೊಂದಿದ್ದರು" ಎಂಬ ವಾಕ್ಯ ನಿಮಗೆ ಬೇಕಾಗುವುದಿಲ್ಲ.

ಕಾರಣವನ್ನು ಮಾತ್ರ ನೀವಾಗಿ ಕಟ್ಟಬೇಡಿ. ಆ ಕಡೆ ಅವರಿಗೆ ರಾಗ ಕೂಡದೆ ಇದ್ದಿರಬಹುದು. ಅತ್ತುಬಿಡುತ್ತೇನೆಂಬ ಹೆದರಿಕೆ ಇದ್ದಿರಬಹುದು. ಕಲಿಸಿದ ಗುರುವೇ ಹಾಗೆ ಓದುತ್ತಿದ್ದಿರಬಹುದು, ವಾಚನದ ಪಾಠ ಬಾಯಿಂದ ಬಾಯಿಗೆ ಬಂದದ್ದರಿಂದ ಹೀಗೆ ಬಿಟ್ಟುಹೋದ ಪದ್ಯಗಳೂ ಶಿಷ್ಯರಿಗೆ ಬಳುವಳಿಯಾಗಿ ಬರುತ್ತವೆ. ಅಮ್ಮನನ್ನು ಕೂರಿಸಿಕೊಂಡು ಕೇಳಿ: ಪಾಲಾಗುವ ಮೊದಲೂ ಬಿಡುತ್ತಿದ್ದರೋ, ಆಮೇಲೆ ಶುರುವಾದದ್ದೋ? ವ್ಯಾಖ್ಯಾನ ಹೇಳುತ್ತಿದ್ದವರು ಯಾರು, ಅವರು ಯಾವತ್ತಾದರೂ ತಡೆದು ಕೇಳಿದ್ದರೆ? ದೊಡ್ಡಪ್ಪ ಆ ಕೂಟಕ್ಕೆ ಬರುತ್ತಿದ್ದರೆ? ಬರುತ್ತಿದ್ದರೆ ಎಲ್ಲಿ ಕೂರುತ್ತಿದ್ದರು? ಅಮ್ಮ ಒಂದಕ್ಕೆ ಉತ್ತರ ಹೇಳಿ ಇನ್ನೊಂದಕ್ಕೆ "ಅದೆಲ್ಲ ಈಗ ಯಾಕೆ" ಎಂದರೆ ಅದನ್ನೂ ಹಾಗೆಯೇ ಬರೆಯಿರಿ. ಮಳೆ ಹಿಂದುಮುಂದಾದ ವರ್ಷ ವಿರಾಟಪರ್ವ ಓದಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇತ್ತು. ಯಾವ ವರ್ಷ ಯಾವ ಪರ್ವ ಓದಿದರು ಎಂಬುದರ ಸುತ್ತ ಮಳೆ, ಬೆಳೆ, ಸಾಲದ ನೆನಪುಗಳೂ ಅಂಟಿಕೊಂಡಿರುತ್ತವೆ. ಇಸವಿ ಮರೆತವರಿಗೂ ಪರ್ವ ನೆನಪಿರುತ್ತದೆ.

ಈಗ ಹೋಲಿಕೆಯ ಪ್ರಶ್ನೆ. ಕರ್ಣ ಹಿರಿಯ ಮಗ, ನಿಮ್ಮಪ್ಪ ಕಿರಿಯರು. ಕೃಷ್ಣ ಎಣಿಸಿದ ಲೆಕ್ಕದಲ್ಲಿ "ಮೊದಲಿಗ" ನಿಮ್ಮ ದೊಡ್ಡಪ್ಪ. ತಮ್ಮಂದಿರಿಂದ ಬೇರೆಯಾಗಿ ನಿಂತ ಅಣ್ಣನ ಜಾಗದಲ್ಲಿ ಕೂರಬೇಕಾದವರು ಅವರು. ನೀವು ಅಪ್ಪನ ಮೇಲಿನ ಪ್ರೀತಿಯಿಂದ ನೊಂದವನ ಪಾತ್ರವನ್ನು ಅಪ್ಪನಿಗೇ ಕೊಟ್ಟಿದ್ದೀರಿ. ಪ್ರತಿದಿನ ಆ ಕಾವ್ಯದೊಡನೆ ಬದುಕಿದ ನಿಮ್ಮಪ್ಪ ಓದುವಾಗ ಅಲ್ಲಿ ಯಾರ ಮುಖ ಕಂಡಿದ್ದರೋ! ತಮ್ಮನ ಬಾಯಲ್ಲಿ ಅಣ್ಣನ ಕಣ್ಣೀರಿನ ಪದ್ಯ ಹೊರಡಲಿಲ್ಲ ಎಂಬ ಒಂದು ಸಾಧ್ಯತೆಯನ್ನು ನಿಮ್ಮ ಹೋಲಿಕೆ ಮುಚ್ಚಿಹಾಕಿಬಿಟ್ಟಿದೆ. ಹಾಗೇ ಇತ್ತು ಎಂದು ನಾನು ಹೇಳುತ್ತಿಲ್ಲ. ಆ ಬಾಗಿಲು ತೆರೆದಿರಲಿ ಎನ್ನುತ್ತಿದ್ದೇನೆ, ಅಷ್ಟೆ.

ಬದುಕಿದ್ದ ಮನುಷ್ಯರನ್ನು ಮಹಾಭಾರತದ ಪಾತ್ರಕ್ಕೆ ಸಮ ಮಾಡುವ ಕಷ್ಟ ಕನ್ನಡಕ್ಕೆ ಹೊಸದಲ್ಲ. 941ರಲ್ಲಿ ಪಂಪ 'ವಿಕ್ರಮಾರ್ಜುನ ವಿಜಯ'ದಲ್ಲಿ ಮಾಡಿದ್ದು ಅದನ್ನೇ. ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯನ್ನು ಅರ್ಜುನನೊಡನೆ ಒಂದು ಮಾಡಿ, ಒಂದು ರಾಜಮನೆತನದ ಚರಿತ್ರೆಯನ್ನೂ ಭಾರತವನ್ನೂ ಒಟ್ಟಿಗೆ ಹೇಳಿದ. ಅದಕ್ಕೆ ಬೆಲೆಯನ್ನೂ ತೆತ್ತ. ಆಶ್ರಯದಾತನಾದ ಅರಸನ ಹೆಂಡತಿಗೆ ಐವರು ಗಂಡಂದಿರಿರುವುದು ಸಾಧ್ಯವೆ? ದ್ರೌಪದಿ ಅರ್ಜುನನೊಬ್ಬನ ಮಡದಿಯಾಗಬೇಕಾಯಿತು. ಆಗ ಸಭೆಯಲ್ಲಿ ಅವಳ ಪರವಾಗಿ ಪ್ರತಿಜ್ಞೆ ಮಾಡುವ ಕೆಲಸ ಭೀಮನದ್ದೇಕೆ ಎಂಬ ತೊಡಕು ಹುಟ್ಟಿತು. ಕೊನೆಗೆ ಪಟ್ಟವೂ ಧರ್ಮರಾಯನಿಗಲ್ಲ, ಸುಭದ್ರೆಯೊಡನೆ ಅರ್ಜುನನಿಗೆ. ಇಷ್ಟೆಲ್ಲ ಹೊಂದಿಸಿಯೂ ಪಂಪನ ಮನಸ್ಸು ಬೇರೆ ಕಡೆ ಜಾರಿತು. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, "ಒಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ" ಎಂದುಬಿಟ್ಟ. ಹೊಗಳಬೇಕಾದವನು ಒಬ್ಬ, ಕರುಳು ಹೋದದ್ದು ಇನ್ನೊಬ್ಬನ ಹಿಂದೆ. ಪಂಪನಂಥವನಿಗೇ ಹೊಲಿಗೆ ಕಾಣದ ಹಾಗೆ ಜೋಡಿಸಲು ಆಗಲಿಲ್ಲ. ಆ ಹೊಲಿಗೆ ಕಾಣುವ ಜಾಗಗಳೇ ಇವತ್ತಿಗೂ ಆ ಕಾವ್ಯದ ಚರ್ಚೆಯ ಜಾಗಗಳು. ಹಾಗಾಗಿ ಅಪ್ಪ–ಕರ್ಣ ಹೋಲಿಕೆ ನಿಮಗೆ ಬಿಡಲಾಗದಿದ್ದರೆ, ಅದು ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಬರೆಯಿರಿ.

ಇದನ್ನು ಬಹಳ ಚೆನ್ನಾಗಿ ಮಾಡಿದ ಒಬ್ಬರು ಅಮೆರಿಕದ ಡೇನಿಯಲ್ ಮೆಂಡೆಲ್‌ಸನ್. ಗ್ರೀಕ್ ಸಾಹಿತ್ಯ ಓದಿದವರು, ಕಲಿಸುವವರು. 2011ರಲ್ಲಿ ಬಾರ್ಡ್ ಕಾಲೇಜಿನಲ್ಲಿ ವೀರ ಒಡಿಸ್ಯೂಸ್ ಯುದ್ಧ ಮುಗಿಸಿ ಮನೆಗೆ ಮರಳುವ ಕಥೆಯಾದ ಹೋಮರನ 'ಒಡಿಸ್ಸಿ' ಪಾಠ ಮಾಡುವಾಗ ಅವರ 81 ವರ್ಷದ ಅಪ್ಪ ಜೇ ತಾನೂ ಬಂದು ಕೂರುತ್ತೇನೆ ಎಂದರು. ಲೆಕ್ಕ, ಕಂಪ್ಯೂಟರ್ ಎಂದು ಜೀವನ ಕಳೆದ ಖಡಾಖಂಡಿ ಮನುಷ್ಯ. ಸುಮ್ಮನೆ ಕೇಳುತ್ತೇನೆ ಎಂದು ಬಂದವರು ಮೊದಲ ದಿನವೇ ಬಾಯಿ ಹಾಕಿದರು: ಒಡಿಸ್ಯೂಸ್ ಎಂಥ ವೀರ? ಹೆಂಡತಿಗೆ ದ್ರೋಹ ಬಗೆದವನು, ಸುಳ್ಳುಗಾರ, ಜೊತೆಗಿದ್ದ ಒಬ್ಬನನ್ನೂ ಬದುಕಿಸಿ ಮನೆಗೆ ತಂದವನಲ್ಲ, ಮಾತೆತ್ತಿದರೆ ಅಳುತ್ತಾನೆ, ಎಲ್ಲದಕ್ಕೂ ದೇವತೆಗಳ ಸಹಾಯ ಬೇರೆ! ಮಗನಿಗೆ ಮುಜುಗರ, ಹುಡುಗರಿಗೆ ಖುಷಿ. ಪಾಠ ಮುಗಿದ ಮೇಲೆ ಅಪ್ಪ–ಮಗ ಒಡಿಸ್ಯೂಸನ ದಾರಿ ಹಿಡಿದು ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗಿನ ಪ್ರವಾಸವನ್ನೂ ಮಾಡಿದರು. ಮುಷ್ಕರದಿಂದಾಗಿ ಹಡಗು ಒಡಿಸ್ಯೂಸನ ಊರಾದ ಇಥಾಕಾ ದ್ವೀಪವನ್ನು ಮುಟ್ಟಲೇ ಇಲ್ಲ. ಮರುವರ್ಷ ಅಪ್ಪ ತೀರಿಕೊಂಡರು. ಇದನ್ನೆಲ್ಲ ಹೇಳುವ ಮಗನ ಪುಸ್ತಕ ಬಂದದ್ದು 2017ರಲ್ಲಿ.

ಆ ಪುಸ್ತಕದ ಜೀವ ಅಪ್ಪನ ತಕರಾರಿನಲ್ಲಿದೆ. ಮಗ ಅಪ್ಪನನ್ನು ಒಡಿಸ್ಯೂಸ್ ಮಾಡಲು ಹೊರಟಿದ್ದರೆ ಎರಡೇ ಅಧ್ಯಾಯಕ್ಕೆ ಬೇಸರ ಬರುತ್ತಿತ್ತು. ಅಪ್ಪ ಕಾವ್ಯದೊಡನೆ ಜಗಳಕ್ಕೆ ನಿಂತದ್ದರಿಂದ ಅವರ ಸ್ವಭಾವ, ಅವರು ಯಾವುದನ್ನು ಪೌರುಷ ಎಂದುಕೊಂಡಿದ್ದರು, ಯಾವುದಕ್ಕೆ ಅವರ ಮನಸ್ಸು ಒಪ್ಪುತ್ತಿರಲಿಲ್ಲ, ಎಲ್ಲ ಹೊರಬಂತು. ಒಂದು ಮಂಚದ ವಿಷಯವೂ ಇದೆ. ಹೋಮರನಲ್ಲಿ ಒಡಿಸ್ಯೂಸ್ ನೆಲದಲ್ಲಿ ಬೇರು ಬಿಟ್ಟ ಆಲಿವ್ ಮರದಿಂದಲೇ ಮಂಚ ಮಾಡಿರುತ್ತಾನೆ, ಆ ಗುಟ್ಟು ಗಂಡ–ಹೆಂಡತಿಗೆ ಮಾತ್ರ ಗೊತ್ತು, ಇಪ್ಪತ್ತು ವರ್ಷಗಳ ಮೇಲೆ ಗುರುತು ಹಿಡಿಯಲು ಅದೇ ಸಾಕ್ಷಿ. ಮೆಂಡೆಲ್‌ಸನ್‌ಗೆ ಚಿಕ್ಕಂದಿನಲ್ಲಿ ಅಪ್ಪ ಮಂಚ ಮಾಡಿಕೊಟ್ಟಿದ್ದರು, ಒಂದು ಹಳೆಯ ಬಾಗಿಲಿನ ಹಲಗೆಯಿಂದ. ಪ್ರೀತಿಯನ್ನು ಬಾಯಿಬಿಟ್ಟು ಹೇಳದ ಅಪ್ಪನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

'ಒಡಿಸ್ಸಿ'ಯ ಕೊನೆಯ ಭಾಗ ನಿಮಗೆ ಬೇರೆ ಕಾರಣಕ್ಕೆ ಬೇಕಾದೀತು. ಮನೆಗೆ ಬಂದ ಒಡಿಸ್ಯೂಸ್ ತೋಟದಲ್ಲಿ ಕೆಲಸ ಮಾಡುತ್ತಿದ್ದ ಮುದಿ ಅಪ್ಪ ಲಾಯರ್ಟೀಸನ ಬಳಿಗೆ ಹೋಗಿ, ಮೊದಲು ತಾನಾರೆಂದು ಸುಳ್ಳು ಹೇಳಿ ಅಳಿಸುತ್ತಾನೆ. ಆಮೇಲೆ ಮಗನೆಂದು ಹೇಳಿದರೂ ಅಪ್ಪ ಗುರುತು ಕೇಳುತ್ತಾನೆ. ಆಗ ಮಗ ಗಾಯದ ಕಲೆ ತೋರಿಸಿ, ಚಿಕ್ಕಂದಿನಲ್ಲಿ ನಿನ್ನ ಹಿಂದೆ ತೋಟದಲ್ಲಿ ಓಡಾಡುವಾಗ ನನಗೆಂದು ಕೊಟ್ಟ ಮರಗಳು ಇವು ಎಂದು ಲೆಕ್ಕ ಒಪ್ಪಿಸುತ್ತಾನೆ: 13 ಪೇರ್ ಮರ, 10 ಸೇಬು, 40 ಅಂಜೂರ, 50 ಸಾಲು ದ್ರಾಕ್ಷಿ. ಅಪ್ಪನ ಮೊಣಕಾಲು ಕುಸಿಯುತ್ತದೆ. ಯುದ್ಧ, ರಾಕ್ಷಸರು, ಮಾಯಾವಿನಿಯರು ಎಲ್ಲ ಮುಗಿದ ಮೇಲೆ ಮಹಾಕಾವ್ಯ ತೋಟದ ಮರಗಳ ಎಣಿಕೆಗೆ ಬಂದು ನಿಲ್ಲುತ್ತದೆ.

ನಿಮ್ಮ ಬಳಿ ಇರುವ ಪಾಲುಪಟ್ಟಿಯೂ ಅಂಥ ಎಣಿಕೆಯೇ, ಉದ್ದೇಶ ಮಾತ್ರ ತಿರುವುಮುರುವು. ಅಲ್ಲಿ ಲೆಕ್ಕ ಕೂಡಿಸಿತು, ಇಲ್ಲಿ ಬೇರೆ ಮಾಡಿತು. ಇಂಥ ಪಟ್ಟಿಗಳಲ್ಲಿ ಏನೇನಿರುತ್ತದೆ ಎಂಬುದು ನಿಮಗೆ ಗೊತ್ತು: ತೋಟ ಎಲ್ಲಿಂದ ಎಲ್ಲಿಯವರೆಗೆ, ಹುಲ್ಲಿನ ಬೇಣ ಯಾರಿಗೆ, ಬಾವಿಯ ನೀರು ಯಾರಿಗೆ ಯಾವಾಗ, ತಾಮ್ರದ ಹಂಡೆ, ಅಡಿಕೆ ಬೇಯಿಸುವ ಪಾತ್ರೆ, ಅಂಗಳದ ಹಲಸಿನ ಮರ, ತಾಯಿ ಯಾರ ಮನೆಯಲ್ಲಿ ಎಷ್ಟು ತಿಂಗಳು. ಆ ಕಾಗದದ ಭಾಷೆಯನ್ನು ತಿದ್ದದೆ ಒಂದಷ್ಟು ಸಾಲು ಹಾಗೇ ಎತ್ತಿ ಕೊಡಿ. ಅದು ಪುಸ್ತಕದ ಯಾವ ಪುಟದಲ್ಲಿತ್ತು ಎಂದು ನೀವು ಬರೆದಿಲ್ಲ, ಅದನ್ನು ನೋಡಿ ಬರೆಯಿರಿ. ಉದ್ಯೋಗಪರ್ವದಲ್ಲಿ ಇತ್ತೋ, ಯಾವುದೋ ಹಾಳೆಯ ನಡುವೆ ಸುಮ್ಮನೆ ಸೇರಿತ್ತೋ. ಸುಮ್ಮನೆ ಸೇರಿದ್ದಾದರೆ ಹಾಗೆಂದೇ ಬರೆಯಿರಿ, ಅರ್ಥ ಹಚ್ಚಲು ಹೋಗಬೇಡಿ. ಓದುಗರು ಲೇಖಕರ ಆಸೆಯನ್ನು ಬೇಗ ಹಿಡಿಯುತ್ತಾರೆ.

ಮೆಂಡೆಲ್‌ಸನ್ ಅವರ ಇನ್ನೊಂದು ಪುಸ್ತಕ, 2006ರ 'ದ ಲಾಸ್ಟ್', ಅಣ್ಣತಮ್ಮಂದಿರದೇ ಕಥೆ. ಅವರ ಅಜ್ಜನ ಅಣ್ಣ ಶ್ಮಿಯೆಲ್, ಹೆಂಡತಿ ಮತ್ತು ನಾಲ್ವರು ಹೆಣ್ಣುಮಕ್ಕಳ ಜೊತೆ ಈಗಿನ ಯುಕ್ರೇನ್‌ನಲ್ಲಿರುವ ಬೊಲೆಖೋವ್ ಎಂಬ ಪಟ್ಟಣದಲ್ಲಿ ನಾಜಿಗಳ ಕೈಗೆ ಸಿಕ್ಕಿ ಹತರಾದರು. ಅಮೆರಿಕಕ್ಕೆ ಬಂದು ನೆಲೆಸಿದ್ದ ಅಜ್ಜ ಸದಾ ಎದೆಯ ಜೇಬಿನಲ್ಲಿ ಒಂದು ಪಾಕೀಟು ಇಟ್ಟುಕೊಂಡಿರುತ್ತಿದ್ದರು. ಅವರು ಸತ್ತ ಮೇಲೆ ಬಿಚ್ಚಿ ನೋಡಿದರೆ, ಸಹಾಯ ಮಾಡಿ ಎಂದು ಶ್ಮಿಯೆಲ್ ಬರೆದ ಕಾಗದಗಳು. ನಿಮ್ಮಪ್ಪನ ಪುಸ್ತಕದೊಳಗಿನ ಕಾಗದದ ವಿಷಯ ಓದಿದಾಗ ನನಗೆ ನೆನಪಾದದ್ದು ಈ ಪಾಕೀಟು. ಈ ಕಥೆಯ ನಡುನಡುವೆ ಮೆಂಡೆಲ್‌ಸನ್ ಯೆಹೂದಿ ಧರ್ಮಗ್ರಂಥದ ಆದಿಕಾಂಡದ ಕಥೆಗಳನ್ನೂ, ಹನ್ನೊಂದನೇ ಶತಮಾನದ ರಾಶಿ ಎಂಬ ಪಂಡಿತರ ವ್ಯಾಖ್ಯಾನವನ್ನೂ, ಇಂದಿನವರೊಬ್ಬರ ವ್ಯಾಖ್ಯಾನವನ್ನೂ ಓರೆ ಅಕ್ಷರದಲ್ಲಿ ಬೇರೆಯಾಗಿ ಕೊಡುತ್ತಾ ಹೋಗುತ್ತಾರೆ. ಕಾಯಿನ್ ತಮ್ಮ ಏಬಲ್‌ನನ್ನು ಕೊಂದ ಕಥೆ ಬಂದಾಗ, ಹುಡುಗನಾಗಿದ್ದಾಗ ತಾನೇ ತಮ್ಮನ ಕೈ ಮುರಿದದ್ದನ್ನು ಪಕ್ಕಕ್ಕೆ ತಂದಿಡುತ್ತಾರೆ. ಆ ತಮ್ಮ ಮ್ಯಾಟ್‌ನೇ ಪುಸ್ತಕಕ್ಕಾಗಿ ಊರೂರು ತಿರುಗಿ ಫೋಟೋ ತೆಗೆದವನು. ಹಳೆಯ ಗ್ರಂಥದ ಕತ್ತಿ ಮೊದಲು ಬರೆಯುವವರ ಕಡೆಗೇ ತಿರುಗಿದೆ, ಅದಕ್ಕೇ ಉಳಿದವರ ಬಗ್ಗೆ ಅವರು ಹೇಳಿದ್ದನ್ನು ನಂಬುತ್ತೇವೆ.

ಮೂಲ, ವ್ಯಾಖ್ಯಾನ, ಮನೆಯ ಕಥೆ ಎಂಬ ಈ ಏರ್ಪಾಡಿಗೆ ನೀವು ಪರದೇಶಕ್ಕೆ ಹೋಗಬೇಕಾಗಿಲ್ಲ, ನಿಮ್ಮಪ್ಪನ ಕೂಟದಲ್ಲೇ ಅದು ಇತ್ತು. ಗಮಕದಲ್ಲಿ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯಲ್ಲಿ, ಒಬ್ಬರು ಓದುತ್ತಾರೆ, ಪಕ್ಕದಲ್ಲಿ ಕುಳಿತವರು ಅರ್ಥ ಹೇಳುತ್ತಾರೆ. ವ್ಯಾಖ್ಯಾನಕಾರರು ಒಳ್ಳೆಯವರಾಗಿದ್ದರೆ ದುರ್ಯೋಧನನ ಮಾತಿನಿಂದ ಊರ ಪಟೇಲರ ಮಾತಿಗೆ ಜಿಗಿದು, ಜನ ನಕ್ಕ ಮೇಲೆ ವಾಪಸು ಪದ್ಯಕ್ಕೆ ಬರುತ್ತಾರೆ. ಓದುವವರು ಕಾಯುತ್ತಿರುತ್ತಾರೆ. ಈ ಇಬ್ಬರ ಜೋಡಿಯನ್ನೇ ನಿಮ್ಮ ಪುಸ್ತಕದ ಕಟ್ಟಡವಾಗಿ ಇಟ್ಟುಕೊಳ್ಳಬಹುದು: ಅಪ್ಪ ಓದುವವರು, ನೀವು ಅರ್ಥ ಹೇಳುವವರು. ಅವರು ಬದುಕಿದ್ದಾಗ ನೀವು ಆ ಜಾಗದಲ್ಲಿ ಕೂತಿರಲಿಕ್ಕಿಲ್ಲ, ಹೆಣ್ಣುಮಕ್ಕಳನ್ನು ಆಗ ಅಲ್ಲಿ ಕೂರಿಸುತ್ತಿದ್ದದ್ದೂ ಕಡಿಮೆ. ಅದೂ ಬರೆಯುವ ವಿಷಯವೇ.

ಕಾಲವನ್ನು ಹೇಗೆ ನಡೆಸುವುದು ಎಂಬುದಕ್ಕೆ ರನ್ನನ 'ಗದಾಯುದ್ಧ' ನೋಡಿ. ಇಡೀ ಭಾರತವನ್ನು ಅವನು ಮೊದಲಿಂದ ಹೇಳುವುದಿಲ್ಲ. ಕೊನೆಯ ದಿನದಲ್ಲಿ ನಿಂತು, ಸಿಂಹಾವಲೋಕನ ಕ್ರಮದಿಂದ ಹಿಂದಿರುಗಿ ನೋಡುತ್ತಾನೆ. ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ ಕಂಡಾಗ ದ್ರೋಣನ ಕಥೆ, ದುಶ್ಶಾಸನ ಕಂಡಾಗ ಅವನದು. ಹುಟ್ಟಿದ್ದು, ಓದಿದ್ದು, ಮದುವೆ, ನೌಕರಿ ಎಂದು ವರ್ಷದ ಸಾಲಿನಲ್ಲಿ ಬರೆದ ಅಪ್ಪಂದಿರ ಚರಿತ್ರೆಗಳು ಸೊರಗುವುದನ್ನು ಬಹಳ ನೋಡಿದ್ದೇನೆ. ನೀವೂ ಒಂದು ಮನೆಯೊಳಗೆ ನಡೆದು, ಕಂಡ ವಸ್ತು ಎಬ್ಬಿಸಿದ ಕಥೆಯನ್ನಷ್ಟೇ ಹೇಳಬಹುದು.

ರನ್ನನಲ್ಲೇ ನಿಮಗೆ ಬೇಕಾದ ಇನ್ನೊಂದು ಪದ್ಯ ಇದೆ. ಕರ್ಣನ ಹೆಣದ ಮುಂದೆ ನಿಂತ ದುರ್ಯೋಧನ ಹೇಳುತ್ತಾನೆ:

ಆನರಿವೆಂ ಪೃಥೆಯರಿವಳ್
ದಾನವರಿಪುವರಿವನರ್ಕನರಿವಂ ದಿವ್ಯ
ಜ್ಞಾನಿ ಸಹದೇವನರಿವಂ
ನೀನಾರ್ಗೆಂದಾರುಮರಿಯರಂಗಾಧಿಪತೀ

ನೀನು ಯಾರ ಮಗ ಎಂಬುದು ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ! ಕುಮಾರವ್ಯಾಸನ ಕರ್ಣ ದುರ್ಯೋಧನನಿಗಾಗಿ ಗುಟ್ಟನ್ನು ನುಂಗಿಕೊಂಡು ಸಾಯುತ್ತಾನೆ. ರನ್ನನ ದುರ್ಯೋಧನ ಗೊತ್ತಿದ್ದೂ ಒಂದು ಮಾತು ಆಡದೆ ಸ್ನೇಹ ಉಳಿಸಿಕೊಂಡಿದ್ದಾನೆ. ಒಂದೇ ಗುಟ್ಟು, ಅದು ಯಾರಿಗೆ ಗೊತ್ತಿತ್ತು ಎಂಬುದನ್ನು ಬದಲಿಸಿದರೆ ಸ್ನೇಹದ ಬಣ್ಣವೇ ಬದಲಾಗುತ್ತದೆ. ಕುಟುಂಬದ ನೆನಪು ಬರೆಯುವವರಿಗೆ ಇದಕ್ಕಿಂತ ಉಪಯೋಗಕ್ಕೆ ಬರುವ ಪಾಠ ನನಗೆ ಗೊತ್ತಿಲ್ಲ. ಪಾಲಿನ ಸಮಯದಲ್ಲಿ ಏನೋ ನಡೆದಿದೆ. ಅದು ಅಪ್ಪನಿಗೆ ಯಾವಾಗ ಗೊತ್ತಾಯಿತು, ದೊಡ್ಡಪ್ಪನಿಗೆ ಏನು ಗೊತ್ತಿತ್ತು, ಅಜ್ಜಿಗೆ ಎಲ್ಲ ಗೊತ್ತಿದ್ದೂ ಸುಮ್ಮನಿದ್ದಳೆ, ನಿಮಗೆ ಹೇಳಿದವರು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೃತಿಯಲ್ಲಿ ಆ ಹಾಳೆ ಕಾಣಬೇಕಿಲ್ಲ, ಅದಿಲ್ಲದೆ ಬರೆದರೆ ಮಾತ್ರ ಎಲ್ಲರಿಗೂ ಎಲ್ಲವೂ ಗೊತ್ತಿದ್ದ ಹಾಗೆ ಬರೆದುಬಿಡುತ್ತೀರಿ.

ಅಪ್ಪನ ಎರಡು ಮುಖಗಳು ಒಂದಕ್ಕೊಂದು ಹೊಂದದಿದ್ದರೆ ಹೊಂದಿಸಲೂ ಹೋಗಬೇಡಿ. ಕವಿ ಎ.ಕೆ. ರಾಮಾನುಜನ್ ತಮ್ಮ ತಂದೆಯ ಬಗ್ಗೆ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರು, ಖಗೋಳಶಾಸ್ತ್ರವೂ ಬರುತ್ತಿತ್ತು, ಜಾತಕವನ್ನೂ ಹಾಕುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ ಗೀತೆ ಓದುವವರು ಅಷ್ಟೇ ಉತ್ಸಾಹದಿಂದ ದೇವರನ್ನು ನಂಬದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಬಗ್ಗೆಯೂ ಮಾತಾಡುತ್ತಿದ್ದರು. ಇದು ಹೇಗೆ ಎಂದು ಮಗ ಕೇಳಿದರೆ, ಮಿದುಳಿಗೆ ಎರಡು ಪಾಲು ಇರುತ್ತದೆ ಗೊತ್ತಿಲ್ಲವೆ ಎಂದರಂತೆ. ತಂದೆಯ ಈ ಹೊಂದದ ಮುಖಗಳಿಂದಲೇ ಮಗನ ಪ್ರಬಂಧದ ಪ್ರಶ್ನೆ ಹುಟ್ಟಿತು. ನಿಮ್ಮಪ್ಪ ಶಾಲೆಯಲ್ಲಿ ನ್ಯಾಯ ಹೇಳುವ ಹೆಡ್‌ಮಾಸ್ಟರ್, ಮನೆಯಲ್ಲಿ ಅಣ್ಣನ ಮುಖ ನೋಡದ ತಮ್ಮ. ಇಬ್ಬರೂ ಪುಸ್ತಕದಲ್ಲಿ ಇರಲಿ.

ಬರೆಯಬೇಕೋ ಬೇಡವೋ ಎಂದು ಕೇಳಿದ್ದೀರಿ. ಆ ಪದ್ಯದಲ್ಲೇ "ವಂಶವನರುಹಿ ಕೊಂದನು" ಎಂದಿದೆ, ಅಂದರೆ ವಂಶವನ್ನು ತಿಳಿಸಿಯೇ ಕೊಂದ. ಕೃಷ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸತ್ಯವನ್ನೇ ಹೇಳಿದ, ಹೇಳಿದ ಸಮಯ ಮತ್ತು ಉದ್ದೇಶದಿಂದ ಅದು ಆಯುಧವಾಯಿತು. ನಿಮ್ಮ ಪತ್ರ ಓದಿದರೆ ನಿಮ್ಮ ಕೈಯಲ್ಲೂ ಆಯುಧದ ಸಣ್ಣ ತುಂಡೊಂದು ಇದೆ ಅನ್ನಿಸುತ್ತದೆ, ದೊಡ್ಡಪ್ಪನ ಬಗ್ಗೆ ಬರೆದ ಒಂದೂವರೆ ಸಾಲಿನಲ್ಲಿ ಅದು ಹೊಳೆಯಿತು. ದೊಡ್ಡಪ್ಪನ ಮಕ್ಕಳು ಇದ್ದರೆ ಅಚ್ಚಿಗೆ ಹೋಗುವ ಮೊದಲು ಆ ಅಧ್ಯಾಯಗಳನ್ನು ಅವರಿಗೆ ತೋರಿಸಿ. ಒಪ್ಪಿಗೆ ಬೇಡುವುದಕ್ಕಲ್ಲ, ಅವರ ಮನೆಯಲ್ಲಿ ಈ ಕಥೆ ಹೇಗಿದೆ ಎಂದು ಕೇಳುವುದಕ್ಕೆ. ಅವರ ಬಳಿಯೂ ಒಂದು ಪಾಲುಪಟ್ಟಿಯ ನಕಲು ಇರಬೇಕಲ್ಲ. ಅವರು ಸಿಟ್ಟಾದರೆ ಸಿಟ್ಟಾದದ್ದನ್ನು ಒಂದು ವಾಕ್ಯದಲ್ಲಿ ದಾಖಲಿಸಿ ಮುಂದೆ ಹೋಗಿ. ಜಮೀನಿನ ಸರ್ವೆ ನಂಬರು, ಬದುಕಿರುವವರ ಹೆಸರು, ಕೋರ್ಟಿನ ವಿವರ ಬೇಡ.

ಇನ್ನು ಪದ್ಯ ಎತ್ತಿ ಕೊಡುವ ರೀತಿ. ಕುಮಾರವ್ಯಾಸ ಬಳಸಿದ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ (ಉಚ್ಚಾರದ ಕಾಲದ ಅಳತೆ), ಮೂರು ಮತ್ತು ಆರನೆಯದಕ್ಕೆ 23. ಓದುವವರು ಉಸಿರು ನಿಲ್ಲಿಸುವುದು ಆ ಉದ್ದ ಸಾಲುಗಳ ಕೊನೆಯಲ್ಲಿ. ಕುಮಾರವ್ಯಾಸ ಮಾತ್ರ ಪದವನ್ನೇ ಸೀಳಿ ಮುಂದಿನ ಸಾಲಿಗೆ ಹಾಕುವವನು, ಮೇಲೆ "ವಂಶವ" ಒಂದು ಸಾಲಿನಲ್ಲಿ, "ನರುಹಿ" ಮತ್ತೊಂದರಲ್ಲಿ ಇರುವುದನ್ನು ನೋಡಿದಿರಿ. ಹಾಗಾಗಿ ಎರಡೇ ಸಾಲು ಕತ್ತರಿಸಿ ಕೊಟ್ಟರೆ ಅರ್ಥವೂ ಹೋಗುತ್ತದೆ, ಲಯವೂ ಹೋಗುತ್ತದೆ. ಕೊಟ್ಟರೆ ಇಡೀ ಪದ್ಯ ಕೊಡಿ, ಇಲ್ಲವೇ ನಿಮ್ಮ ವಾಕ್ಯದೊಳಗೆ ಒಂದು ತುಣುಕು ಸೇರಿಸಿ. ಕೆಳಗೆ ಟಿಪ್ಪಣಿ ಹಾಕಿ ಅರ್ಥ ಬಿಡಿಸುವ ಬದಲು ಕೂಟದಲ್ಲಿ ಅರ್ಥ ಹೇಳುತ್ತಿದ್ದವರ ಬಾಯಲ್ಲೇ ಹೇಳಿಸಿ. ಪುಸ್ತಕಕ್ಕೆಲ್ಲ ಆರೇಳು ಪದ್ಯ ಸಾಕು.

ಯಾವ ಮುದ್ರಣದ ಪಾಠ ಎತ್ತಿಕೊಳ್ಳಬೇಕು ಎಂಬ ಪ್ರಶ್ನೆ ಬಂದರೆ, ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ 'ಕರ್ಣಾಟ ಭಾರತ ಕಥಾಮಂಜರಿ' (ಗದುಗಿನ ಭಾರತದ್ದೇ ಇನ್ನೊಂದು ಹೆಸರು) ಬಹಳ ಮನೆಗಳಲ್ಲಿ ಇದೆ, ನಿಮ್ಮಪ್ಪನದೂ ಅದೇ ಇರಬಹುದು. ಬೇರೆ ಮುದ್ರಣಗಳಲ್ಲಿ ಪಾಠಗಳೂ ಪದ್ಯಸಂಖ್ಯೆಗಳೂ ಅಲ್ಲಲ್ಲಿ ವ್ಯತ್ಯಾಸವಾಗುತ್ತವೆ. ಅಪ್ಪನ ಪ್ರತಿಯಲ್ಲಿ ಇದ್ದ ಹಾಗೇ ಕೊಡಿ, ಪೆನ್ಸಿಲ್ ಗುರುತುಗಳಿದ್ದರೆ ಅವನ್ನೂ. ಬಿಟ್ಟ ಪದ್ಯದ ಪಕ್ಕದಲ್ಲಿ ಏನಾದರೂ ಗುರುತು ಇದೆಯೇ ನೋಡಿ, ಇದ್ದರೆ ಬರೆದು ಕಳಿಸಿ. ಇಲ್ಲದಿದ್ದರೂ ಕಳಿಸಿ.